ಮೂಲೆ ಊರಲ್ಲಿ ಮಕ್ಕಳ ಕಬಡ್ಡಿ ಟೀಮ್ ಕಟ್ಟೋದು ಹೇಗೆ: ಹಗ್ಗಕ್ಕೆ ಗಂಟು ಹಾಕೋದರಿಂದ ಹಿಡಿದು ವಿಸಿಲ್ ಕೈ ಬದಲಾಗೋ ತನಕ

ಸಕಲೇಶಪುರದಿಂದ ಹೆತ್ತೂರು, ಯಸಳೂರು ಕಡೆ ಒಳಗೆ ಬಂದ್ರೆ ನಮ್ಮಂಥ ಊರುಗಳು ಸಿಗ್ತಾವೆ, ಬೆಳಿಗ್ಗೆ ಒಂದು ಬಸ್ಸು ಸಂಜೆ ಒಂದು ಬಸ್ಸು, ಮಧ್ಯದಲ್ಲಿ ಎಲ್ಲಿಗಾದ್ರೂ ಹೋಗ್ಬೇಕಂದ್ರೆ ಯಾರದ್ದಾದ್ರೂ ಪಿಕಪ್ಪಿಗೆ ಕೈ ಅಡ್ಡ ಹಾಕ್ಬೇಕು. ಮೂಡಿಗೆರೆ, ಕಳಸ, ಕೊಪ್ಪದ ಕಡೆಯೋರಿಗೂ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಹತ್ತನೇ ಕ್ಲಾಸ್ ಮುಗಿದ ಹುಡುಗ್ರು ಒಂದೋ ಬೆಂಗಳೂರು ಬಸ್ ಹತ್ತುತ್ತಾರೆ, ಇಲ್ಲಾಂದ್ರೆ ಅಂಗಡಿ ಕಟ್ಟೆ ಮೇಲೆ ಮೊಬೈಲ್ ಹಿಡ್ಕೊಂಡು ಕೂತಿರ್ತಾರೆ, ಹೆಣ್ಣುಮಕ್ಕಳಂತೂ ಶಾಲೆ ಬಿಟ್ಟ ಮೇಲೆ ಮನೆಯಿಂದ ಹೊರಗೆ ಕಾಣೋದೇ ಅಪರೂಪ. ನಾವು ಒಂದಷ್ಟು ಜನ ಸೇರಿ ನಾಲ್ಕು ವರ್ಷದಿಂದ ಇಲ್ಲಿ ಮಕ್ಕಳಿಗೆ ಕಬಡ್ಡಿ, ಖೋ ಖೋ ನಡೆಸ್ತಾ ಇದೀವಿ. ಬೇರೆ ಊರೋರು ಹೇಗೆ ಶುರು ಮಾಡೋದು ಅಂತ ಕೇಳ್ತಾನೇ ಇರ್ತಾರೆ, ಅದಕ್ಕೆ ಗೊತ್ತಿರೋದನ್ನೆಲ್ಲ ಒಂದೇ ಕಡೆ ಬರೆದಿಡ್ತಾ ಇದೀನಿ.

ಒಂದು ಮಾತು ಮೊದಲೇ ಹೇಳ್ಬಿಡ್ತೀನಿ. ಆಟ ಆಡಿಸಿದ್ರೆ ಮಕ್ಕಳು ಗಟ್ಟಿ ಆಗ್ತಾರೆ ಅನ್ನೋದು ಅರ್ಧ ನಿಜ ಅಷ್ಟೇ. ದೊಡ್ಡೋರು ವಿಸಿಲ್ ಊದಿ, ದೊಡ್ಡೋರೇ ಟೀಮ್ ಆರಿಸಿ, ದೊಡ್ಡೋರೇ ದುಡ್ಡಿನ ಲೆಕ್ಕ ಇಟ್ಕೊಂಡ್ರೆ ಮಕ್ಕಳು ಹೇಳಿದ್ದು ಕೇಳೋದು ಕಲೀತಾರೆ, ಅದನ್ನ ಮನೇಲೂ ಶಾಲೇಲೂ ಆಗ್ಲೇ ಕಲ್ತಿದಾರೆ. ವಿಸಿಲ್, ಹಾಜರಿ ಪುಸ್ತಕ, ದುಡ್ಡಿನ ಡಬ್ಬಿ ಈ ಮೂರೂ ಮೆಲ್ಲಗೆ ಅವರ ಕೈಗೆ ಹೋದಾಗ ಮಕ್ಕಳು ಮಾತಾಡೋ ರೀತಿನೇ ಬದಲಾಗುತ್ತೆ, ಇದನ್ನ ನಾನು ಕಣ್ಣಾರೆ ನೋಡಿದೀನಿ. ಕೆಳಗೆ ಬರೆದಿರೋದೆಲ್ಲ ಅಲ್ಲಿಗೆ ಮುಟ್ಟೋಕೆ ಹಾಕಿಕೊಂಡ ದಾರಿ.

ಹಂತ 1: ಬಾಲ್ ತರೋಕೆ ಮುಂಚೆ ಊರು ಸುತ್ತಿ

ಮೊದಲ ಎರಡು ವಾರ ಏನೂ ತರಬೇಡಿ, ಮನೆಮನೆಗೆ ಹೋಗಿ. ಊರೊಳಗಿನ ಮನೆ, ಕಾಲೋನಿ, ಎಸ್ಟೇಟ್ ಲೈನ್ ಮನೆ (ತೋಟದ ಕೆಲಸಗಾರರ ಸಾಲುಮನೆ) ಯಾವುದನ್ನೂ ಬಿಡಬೇಡಿ. ಲೈನಿಗೆ ಹೋಗೋಕೆ ಮುಂಚೆ ಎಸ್ಟೇಟಿನ ಲೆಕ್ಕ ಬರೆಯೋ ರೈಟ್ರಿಗೋ ಮೇಸ್ತ್ರಿಗೋ ಒಂದು ಮಾತು ಹೇಳಿ, ಸಾಹುಕಾರ್ರಿಗೆ ಗೊತ್ತಿಲ್ದೆ ಹೋದ್ರೆ ಅನುಮಾನ ಬರುತ್ತೆ, ಆಮೇಲೆ ಅದನ್ನ ಸರಿಮಾಡೋಕೆ ತಿಂಗಳುಗಟ್ಟಲೆ ಬೇಕು. ಈಗ ಲೈನಲ್ಲಿ ಅಸ್ಸಾಂನಿಂದ ಬಂದ ಕುಟುಂಬಗಳೂ ಇದಾವೆ, ಆ ಮಕ್ಕಳಿಗೆ ಕನ್ನಡ ಬರಲ್ಲ ಅಂತ ಬಿಟ್ಟುಬಿಡಬೇಡಿ, ಮುಟ್ಟಿದ್ರೆ ಔಟು ಅನ್ನೋದಕ್ಕೆ ಭಾಷೆ ಬೇಕಾಗಿಲ್ಲ. ನಮ್ಮಲ್ಲಿ ಅಂಥ ಒಬ್ಬ ಹುಡುಗ ಮೂರು ತಿಂಗಳಲ್ಲಿ ಕನ್ನಡ ಕಲಿತಿದ್ದೇ ಕಬಡ್ಡಿ ಜಗಳದಲ್ಲಿ.

ಒಂದು ನೋಟ್‌ಬುಕ್ ತಗೊಂಡು ಮೂರು ವಿಷಯ ಬರ್ಕೊಳ್ಳಿ. ಯಾವ ಮನೇಲಿ ಎಷ್ಟು ವಯಸ್ಸಿನ ಮಕ್ಕಳಿದಾರೆ, ಅವರು ಸಂಜೆ ಏನು ಕೆಲಸ ಮಾಡ್ತಾರೆ (ದನ ಹೊಡ್ಕೊಂಡು ಬರೋದು, ನೀರು ತರೋದು, ತಮ್ಮ ತಂಗಿ ನೋಡ್ಕೊಳ್ಳೋದು), ಯಾವ ದಿನ ಬರೋಕಾಗುತ್ತೆ. ಈ ಮೂರನೇದು ತುಂಬ ಮುಖ್ಯ, ಯಾಕಂದ್ರೆ ನಮ್ಮ ಕಡೆ ವರ್ಷ ನಡೆಯೋದು ಮಳೆ ಮತ್ತೆ ಕಾಫಿ ಲೆಕ್ಕದಲ್ಲಿ. ಜೂನಿಂದ ಸೆಪ್ಟೆಂಬರ್ ತನಕ ಮಳೆ ಬಿಡಲ್ಲ. ನವೆಂಬರಿಂದ ಜನವರಿ ಅರೇಬಿಕಾ ಕೊಯ್ಲು, ಅದಾದ್ಮೇಲೆ ಮಾರ್ಚ್ ತನಕ ರೊಬಸ್ಟಾ, ಆಗ ಅಪ್ಪ ಅಮ್ಮ ಇಬ್ಬರೂ ತೋಟದಲ್ಲಿ, ದೊಡ್ಡ ಮಗಳ ಕಂಕುಳಲ್ಲಿ ಚಿಕ್ಕ ಮಗು. ಆ ಹುಡುಗಿಗೆ ಮಗು ಬಿಟ್ಟು ಬಾ ಅಂತ ಹೇಳಬೇಡಿ, ಮಗು ಎತ್ಕೊಂಡೇ ಬಾ ಅನ್ನಿ, ಮೈದಾನದ ಪಕ್ಕ ಒಂದು ಚಾಪೆ ಹಾಸಿ, ಸರದಿ ಮೇಲೆ ಒಬ್ಬರು ಮಕ್ಕಳನ್ನ ನೋಡ್ಕೊಳ್ಳಲಿ. ಈ ಒಂದು ಚಾಪೆಯಿಂದ ನಮ್ಮಲ್ಲಿ ಐದು ಹುಡುಗಿಯರು ಉಳ್ಕೊಂಡ್ರು.

ಹಂತ 2: ಯಾವ ಆಟ?

ಕ್ರಿಕೆಟ್ ಬೇಡ ಅಂತಲ್ಲ, 236 ಟೆಸ್ಟ್ ವಿಕೆಟ್ ತೆಗೆದ ಶ್ರೀನಾಥ್ ಹೆಸರಲ್ಲಿರೋ ಜಾವಗಲ್ ನಮ್ಮ ಹಾಸನ ಜಿಲ್ಲೇದೇ ಊರು. ಆದ್ರೆ ಗುಡ್ಡದ ಊರಲ್ಲಿ ಅಷ್ಟು ದೊಡ್ಡ ಮಟ್ಟ ಜಾಗ ಸಿಗಲ್ಲ, ಬಾಲ್ ತೋಟದೊಳಗೆ ಹೋದ್ರೆ ಅರ್ಧ ಗಂಟೆ ಹುಡುಕ್ಬೇಕು, ಇಬ್ಬರು ಆಡ್ತಾರೆ ಮಿಕ್ಕೋರು ನಿಂತಿರ್ತಾರೆ. ವಾಲಿಬಾಲಿಗೆ ಮಲೆನಾಡಲ್ಲಿ ಹುಚ್ಚು ಅಭಿಮಾನ ಇದೆ, 18 ಮೀಟರ್ ಉದ್ದ 9 ಮೀಟರ್ ಅಗಲ ಸಿಕ್ರೆ ಸಾಕು, ದೊಡ್ಡ ಹುಡುಗ್ರಿಗೆ ಚೆನ್ನಾಗಿದೆ, ಆದ್ರೆ ಹೊಸದಾಗಿ ಕಲಿಯೋ ಚಿಕ್ಕ ಮಕ್ಕಳಿಗೆ ಬಾಲ್ ಕೈಗೆ ನೋವಾಗುತ್ತೆ, ರ‍್ಯಾಲಿ ನಿಲ್ಲಲ್ಲ, ಬೇಜಾರಾಗಿ ಬಿಡ್ತಾರೆ.

ನಾನು ಹೇಳೋದು ಖೋ ಖೋ ಇಂದ ಶುರು ಮಾಡಿ, ಕಬಡ್ಡಿಗೆ ಹೋಗಿ. ಖೋ ಖೋಗೆ ಬೇಕಾಗಿರೋದು ಎರಡು ಕಂಬ ಮಾತ್ರ, ನೆಲದಿಂದ ಮೇಲೆ 1.2 ಮೀಟರ್, ತೋಟದವ್ರನ್ನ ಕೇಳಿದ್ರೆ ಸಿಲ್ವರ್ ಓಕ್ ತುಂಡು ಕೊಡ್ತಾರೆ, ಸಿಪ್ಪೆ ತೆಗೆದು ಚೆನ್ನಾಗಿ ಉಜ್ಜಿ, ಒಂದು ಸಿಬಿರೂ ಇರಬಾರದು. ಪೂರ್ತಿ ಅಂಕಣ 27 ಮೀಟರ್ 16 ಮೀಟರ್, ಅಷ್ಟು ಜಾಗ ಇಲ್ಲಾಂದ್ರೆ ಚಿಕ್ಕದು ಮಾಡ್ಕೊಳ್ಳಿ, ಕಲಿಯೋಕೆ ತೊಂದರೆ ಇಲ್ಲ. ಎಂಟು ಜನ ಕೂತಿರ್ತಾರೆ ಒಬ್ಬರು ಅಟ್ಟಿಸ್ತಾರೆ, ಯಾವ ಗಳಿಗೇಲಿ ಬೆನ್ನ ಮೇಲೆ ಖೋ ಬೀಳುತ್ತೋ ಗೊತ್ತಿಲ್ಲ, ಹಾಗಾಗಿ ಯಾರೂ ಮೈಮರೆಯೋ ಹಾಗಿಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲನೇ ಖೋ ಖೋ ವಿಶ್ವಕಪ್ ಆದಾಗ ನಮ್ಮ ದೇಶದ ಗಂಡಸರ ಟೀಮು ಹೆಂಗಸರ ಟೀಮು ಎರಡೂ ಫೈನಲಲ್ಲಿ ನೇಪಾಳನ ಸೋಲಿಸಿದ್ವು, ಆ ವಿಡಿಯೋನ ಮಕ್ಕಳಿಗೆ ತೋರಿಸಿ, ಇದು ಬರೀ ಶಾಲೆ ಪಿಟಿ ಪೀರಿಯಡ್ ಆಟ ಅನ್ನೋ ಭಾವನೆ ಹೋಗುತ್ತೆ.

ಅಂಗವೈಕಲ್ಯ ಇರೋ ಮಕ್ಕಳನ್ನ ಸ್ಕೋರ್ ಬರೆಯೋಕೆ ಕೂರಿಸೋ ಅಭ್ಯಾಸ ದಯವಿಟ್ಟು ಬೇಡ. 2012ರ ಲಂಡನ್ ಪ್ಯಾರಾಲಿಂಪಿಕ್ಸಲ್ಲಿ ಇಡೀ ದೇಶಕ್ಕೆ ಬಂದಿದ್ದು ಒಂದೇ ಪದಕ, ಅದನ್ನ ತಂದಿದ್ದು ನಮ್ಮ ಹಾಸನ ಜಿಲ್ಲೆಯ ಎಚ್. ಎನ್. ಗಿರೀಶ, ಹೈಜಂಪಲ್ಲಿ 1.74 ಮೀಟರ್ ಹಾರಿ ಬೆಳ್ಳಿ. ಮಗು ಹತ್ರಾನೇ ಕೇಳಿ ನಿಂಗೆ ಏನು ಆಡ್ಬೇಕು ಅಂತ.

ಹಂತ 3: ಜಾಗ

ಗದ್ದೆ ಕೊಯ್ಲು ಆದ್ಮೇಲೆ ಮೇ ತನಕ ಗದ್ದೆ ಬಯಲು ಖಾಲಿ, ಅದಕ್ಕಿಂತ ಒಳ್ಳೆ ಮೈದಾನ ನಮಗೆ ಬೇಕಾಗಿಲ್ಲ. ಗದ್ದೆ ಯಜಮಾನ್ರನ್ನ ಮಕ್ಕಳೇ ಹೋಗಿ ಕೇಳಲಿ, ನೀವು ಹಿಂದೆ ನಿಂತ್ಕೊಳ್ಳಿ ಸಾಕು. ಕೂಳೆಯನ್ನ ನೆಲಮಟ್ಟಕ್ಕೆ ಸವರಿ, ಹೆಂಟೆ ಒಡೆದು, ನೀರು ಚಿಮುಕಿಸಿ, ಮೇಲೆ ಸಾಮಿಲ್ಲಿಂದ ತಂದ ಮರದ ಹೊಟ್ಟು ಹರಡಿ, ಬಿದ್ರೆ ಮೈ ತರಚಲ್ಲ. ಕಬಡ್ಡಿ ಮ್ಯಾಟಿಗೆ ಲಕ್ಷಗಟ್ಟಲೆ ಆಗುತ್ತೆ, ಅದರ ಯೋಚನೆ ಈಗ ಬೇಡವೇ ಬೇಡ.

ಮಳೆಗಾಲದಲ್ಲಿ ಎಸ್ಟೇಟಿನ ಕಾಫಿ ಕಣ ಖಾಲಿ ಇರುತ್ತೆ, ಸಿಮೆಂಟ್ ನೆಲ, ಮಳೆ ಬಿಟ್ಟ ಹೊತ್ತಲ್ಲಿ ಅಲ್ಲಿ ಸ್ಕಿಪ್ಪಿಂಗ್, ಕಾಲಿನ ಚಲನೆ ಮಾಡಿಸ್ಬಹುದು. ಪಾಚಿ ಕಟ್ಟಿದ್ರೆ ಮೊದಲು ಉಜ್ಜಿ ತೊಳೀರಿ, ಮತ್ತೆ ಆ ನೆಲದ ಮೇಲೆ ಹಿಡಿಯೋ ಬೀಳೋ ಆಟ ಯಾವತ್ತೂ ಬೇಡ. ಜುಲೈ ಆಗಸ್ಟಲ್ಲಿ ಕೆಸರುಗದ್ದೆ ಆಟ ನಮ್ಮ ಕಡೆ ಹೇಗೂ ಇರುತ್ತೆ, ನಾಟಿಗೆ ಮುಂಚೆ ಒಂದು ಭಾನುವಾರ ಇಟ್ಕೊಳ್ಳಿ, ಊರೆಲ್ಲ ಸೇರುತ್ತೆ.

ಶಾಲೆ ಮೈದಾನ ಬೇಕಂದ್ರೆ ಹೆಡ್‌ಮಾಸ್ಟ್ರು ಮತ್ತೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರಿಗೆ ಅರ್ಜಿ ಕೊಟ್ಟು ಒಂದು ಕಾಪಿಗೆ ಸೀಲ್ ಹಾಕಿಸ್ಕೊಳ್ಳಿ. ಮೈದಾನವೇ ಇಲ್ಲಾಂದ್ರೆ ಪಂಚಾಯ್ತಿನ ಕೇಳೋದಕ್ಕೆ ಮಕ್ಕಳಿಗೇ ಒಂದು ದಾರಿ ಇದೆ, ಅದು ಮಕ್ಕಳ ಗ್ರಾಮಸಭೆ. ನಮ್ಮ ರಾಜ್ಯದಲ್ಲಿ ಪಂಚಾಯ್ತಿಗಳು ವರ್ಷಕ್ಕೊಂದು ಸಲ ಅದನ್ನ ನಡೆಸ್ಬೇಕು, ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಅವರನ್ನ ಮೊದಲೇ ಕೇಳಿ ತಾರೀಕು ತಿಳ್ಕೊಳ್ಳಿ. ನಮ್ಮ ಎಂಟನೇ ಕ್ಲಾಸಿನ ಒಬ್ಬ ಹುಡುಗಿ ಹಾಜರಿ ಪುಸ್ತಕನೇ ಎತ್ಕೊಂಡು ಹೋಗಿ, "ಸಾರ್, ವಾರಕ್ಕೆ ಮೂರು ದಿನ 22 ಜನ ಆಡ್ತೀವಿ, ಗದ್ದೆ ನಾಟಿ ಆದ್ಮೇಲೆ ನಮಗೆ ಜಾಗ ಇಲ್ಲ, ನೋಡಿ ಇಲ್ಲಿ ಬರೆದಿದೆ" ಅಂತ ಪುಟ ತಿರುವಿ ತೋರಿಸಿದಳು. ಬಾಯಿಮಾತಲ್ಲಿ ಕೇಳಿದ್ರೆ ನೋಡೋಣ ಅಂತಿದ್ರು, ಬರೆದಿದ್ದು ನೋಡಿ ನಡಾವಳಿ ಪುಸ್ತಕಕ್ಕೆ ಸೇರಿಸಿದ್ರು. ನರೇಗಾದಲ್ಲಿ ಶಾಲೆ ಆಟದ ಮೈದಾನ ಮಟ್ಟ ಮಾಡಿಸಿರೋ ಪಂಚಾಯ್ತಿಗಳು ಎಷ್ಟೋ ಇದಾವೆ, ಆದ್ರೆ ಅದು ಪಂಚಾಯ್ತಿಯ ಕ್ರಿಯಾಯೋಜನೆಗೆ ಸೇರಿದ್ರೆ ಮಾತ್ರ ಮುಂದಕ್ಕೆ ಹೋಗೋದು, ಹಾಗಾಗಿ ಆ ಯೋಜನೆ ತಯಾರಾಗೋ ಟೈಮಲ್ಲೇ ಬೆನ್ನು ಹತ್ತಿ.

ಸಮಯದ ಬಗ್ಗೆ ಒಂದು ಕಟ್ಟುನಿಟ್ಟು. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಆನೆ ಓಡಾಟ ಇದೆ. ಅರಣ್ಯ ಇಲಾಖೆಯವ್ರು ಕಳಿಸೋ ಮೆಸೇಜು, ಊರಿನ ವಾಟ್ಸಾಪ್ ಗ್ರೂಪು ಎರಡೂ ನೋಡ್ಕೊಂಡೇ ಮಕ್ಕಳನ್ನ ಕರೀರಿ. ಸಂಜೆ ಐದೂವರೆಗೆ ಬಿಟ್ಟುಬಿಡಿ, ಒಂಟಿಯಾಗಿ ಯಾರನ್ನೂ ಕಳಿಸಬೇಡಿ, ಒಂದೊಂದು ದಿಕ್ಕಿಗೆ ಒಂದೊಂದು ಗುಂಪು, ಮನೆ ಮುಟ್ಟಿದ ಮೇಲೆ ಗುಂಪಿನ ಹಿರಿಯೋರು ಫೋನ್ ಮಾಡಿ ಹೇಳ್ಬೇಕು. ಹತ್ತಿರದಲ್ಲಿ ಆನೆ ಇದೆ ಅಂದ್ರೆ ಅವತ್ತು ಪ್ರಾಕ್ಟೀಸ್ ಇಲ್ಲ, ಟೂರ್ನಮೆಂಟ್ ನಾಳೆನೇ ಇದ್ರೂ ಇಲ್ಲ.

ಹಂತ 4: ಅಂಕಣ ಹಾಕೋದು (ಇದನ್ನ ಮಕ್ಕಳ ಕೈಲೇ ಮಾಡಿಸಿ)

ಸೊಟ್ಟ ಅಂಕಣದಲ್ಲಿ ಕಲಿತ ಮಕ್ಕಳು ತಾಲ್ಲೂಕು ಮಟ್ಟಕ್ಕೆ ಹೋದಾಗ ಗೆರೆ ಎಲ್ಲಿದೆ ಅಂತ ಗೊತ್ತಾಗ್ದೆ ಔಟ್ ಆಗ್ತಾರೆ. ಅದಕ್ಕೇ ಅಳತೆ ಸರಿ ಇರಲಿ. ಒಂದು ನೈಲಾನ್ ಹಗ್ಗ ತಗೊಳ್ಳಿ, ತೆಂಗಿನ ನಾರಿನ ಹಗ್ಗ ಬೇಡ, ನೆಂದ್ರೆ ಅದರ ಅಳತೆ ಬದಲಾಗುತ್ತೆ. ಹಗ್ಗದ ತುದಿಯಿಂದ 3 ಮೀಟರಿಗೆ ಒಂದು ಗಂಟು, 7 ಮೀಟರಿಗೆ ಇನ್ನೊಂದು, 12 ಮೀಟರಿಗೆ ಮತ್ತೊಂದು. ಒಬ್ಬರು ಹಗ್ಗದ ತುದಿ ಮತ್ತೆ 12ರ ಗಂಟು ಎರಡನ್ನೂ ಒಟ್ಟಿಗೆ ಹಿಡ್ಕೊಳ್ಳಿ, ಒಬ್ಬರು 3ರ ಗಂಟು, ಒಬ್ಬರು 7ರ ಗಂಟು, ಮೂವರೂ ಬಿಗಿಯಾಗಿ ಎಳೀರಿ. 3ರ ಗಂಟು ಹಿಡಿದೋರು ನಿಂತಿರೋ ಕಡೆ ಪಕ್ಕಾ ಮೂಲೆಮಟ್ಟ ಸಿಗುತ್ತೆ. ಗಣಿತ ಅಂದ್ರೆ ಓಡಿಹೋಗ್ತಿದ್ದ ಹುಡುಗ್ರು ಪೈಥಾಗೊರಸ್ ಪ್ರಮೇಯನ ಹೀಗೆ ಹಗ್ಗ ಎಳೆದು ನೋಡಿದ ಮೇಲೆ ಮೇಷ್ಟ್ರಿಗೆ ಹೋಗಿ ಹೇಳಿದ್ರಂತೆ, ಸಾರ್ ಇದು ನಮಗೆ ಗೊತ್ತು ಅಂತ.

ಗಂಡಸರ ಅಂಕಣ 13 ಮೀಟರ್ ಉದ್ದ 10 ಮೀಟರ್ ಅಗಲ, ಹೆಂಗಸರದ್ದು 12ಕ್ಕೆ 8. ನಾಲ್ಕು ಮೂಲೆ ಗೂಟ ಹೊಡೆದ ಮೇಲೆ ಕರ್ಣ ಅಳೆದು ನೋಡಿ, 13ಕ್ಕೆ 10 ಆದ್ರೆ 16.40 ಮೀಟರ್ ಬರ್ಬೇಕು, 12ಕ್ಕೆ 8 ಆದ್ರೆ 14.42, ಎರಡೂ ಕರ್ಣ ಒಂದೇ ಸಮ ಇದ್ರೆ ಅಂಕಣ ಸರಿಯಾಗಿದೆ. ನಡುಗೆರೆಯಿಂದ ಬಾಲ್ಕ್ ಲೈನ್ (ರೈಡರ್, ಅಂದ್ರೆ ಎದುರಾಳಿಗಳನ್ನ ಮುಟ್ಟೋಕೆ ಹೋದೋರು, ಯಾರನ್ನೂ ಮುಟ್ಟದಿದ್ರೆ ದಾಟಲೇಬೇಕಾದ ಗೆರೆ) ಗಂಡಸರಿಗೆ 3.75 ಮೀಟರ್, ಹೆಂಗಸರಿಗೆ 3 ಮೀಟರ್, ಅದರಿಂದ ಒಂದು ಮೀಟರ್ ಹಿಂದೆ ಹೆಚ್ಚುವರಿ ಪಾಯಿಂಟಿನ ಬೋನಸ್ ಲೈನ್. ಎರಡೂ ಪಕ್ಕ ಒಂದೊಂದು ಮೀಟರ್ ಅಗಲದ ಪಟ್ಟಿ, ಅದಕ್ಕೆ ಲಾಬಿ ಅಂತಾರೆ. ಸುತ್ತಲೂ ಮೂರು ನಾಲ್ಕು ಮೀಟರ್ ಕಲ್ಲು, ಬೇಲಿ, ಮರದ ಬೇರು ಏನೂ ಇರಬಾರದು.

ಗೆರೆಗೆ ಸುಣ್ಣ ಹಾಕಲೇಬೇಡಿ. ಕಬಡ್ಡಿಯಲ್ಲಿ ಮುಖ ನೆಲಕ್ಕೆ ಬಡಿಯುತ್ತೆ, ಸುಣ್ಣ ಕಣ್ಣಿಗೆ ಹೋದ್ರೆ ಸುಟ್ಟುಬಿಡುತ್ತೆ. ರಂಗೋಲಿ ಪುಡಿ ಸಾಕು, ಅಮ್ಮಂದಿರ ಕೈಲಿ ಹಾಕಿಸಿದ್ರೆ ಇನ್ನೂ ಚೆಂದ, ಅವರೂ ಮೈದಾನಕ್ಕೆ ಬಂದ ಹಾಗಾಯ್ತು.

ಹಂತ 5: ಮನೆಯವ್ರನ್ನ ಒಪ್ಪಿಸೋದು, ಮುಖ್ಯವಾಗಿ ಹೆಣ್ಣುಮಕ್ಕಳ ಮನೆ

ಇದಕ್ಕೆ ಶಾರ್ಟ್‌ಕಟ್ ಇಲ್ಲ. ಅಪ್ಪಂದಿರ ಹತ್ರ ಮೊದಲು ಹೋಗ್ಬೇಡಿ, ಸ್ತ್ರೀಶಕ್ತಿ ಸಂಘದ ಮೀಟಿಂಗ್ ನಡೆಯೋ ದಿನ ಅಲ್ಲಿಗೆ ಹೋಗಿ, ಊರಲ್ಲಿ ಎಲ್ಲರೂ ನಂಬೋ ಒಬ್ಬ ಅಕ್ಕನ್ನ ಜೊತೆಗೆ ಕರ್ಕೊಂಡು ಹೋಗಿ, ಅಂಗನವಾಡಿ ಟೀಚರೋ ಆಶಾ ಕಾರ್ಯಕರ್ತೆಯೋ ಇದ್ರೆ ಒಳ್ಳೇದು. ಭಾಷಣ ಬೇಡ. ಅಮ್ಮಂದಿರು ಕೇಳೋದು ನಾಲ್ಕೇ ಪ್ರಶ್ನೆ: ಎಷ್ಟು ಹೊತ್ತಿಗೆ ಬಿಡ್ತೀರಿ, ಜೊತೇಲಿ ಹೆಂಗಸರು ಯಾರಿರ್ತಾರೆ, ಏನು ಬಟ್ಟೆ ಹಾಕ್ಬೇಕು, ಏಟಾದ್ರೆ ಯಾರು ನೋಡ್ತಾರೆ. ಈ ನಾಲ್ಕಕ್ಕೂ ಸರಿಯಾದ ಉತ್ತರ ಇದ್ರೆ ಮಾತ್ರ ಹೋಗಿ. ಬಟ್ಟೆ ವಿಷಯದಲ್ಲಿ ಹಟ ಬೇಡ, ಟ್ರ್ಯಾಕ್ ಪ್ಯಾಂಟು ಟೀ ಶರ್ಟು ಸಾಕು, ಚೂಡಿದಾರ್ ಪ್ಯಾಂಟಲ್ಲೇ ಬಂದ್ರೂ ಬರಲಿ, ವೇಲ್ ಮಾತ್ರ ತೆಗೆದಿಡ್ಬೇಕು, ಕುತ್ತಿಗೆಗೆ ಸಿಕ್ಕಿಕೊಳ್ಳುತ್ತೆ.

ಉದಾಹರಣೆ ಕೊಡೋದಾದ್ರೆ ಹತ್ತಿರದ್ದೇ ಕೊಡಿ. ಘಾಟಿ ಇಳಿದ್ರೆ ಕಾರ್ಕಳ, ಅಲ್ಲಿನ ಮಮತಾ ಪೂಜಾರಿ 2010, 2014 ಎರಡು ಏಷ್ಯನ್ ಗೇಮ್ಸಲ್ಲೂ ಕಬಡ್ಡಿ ಚಿನ್ನ ಗೆದ್ದ ಟೀಮಲ್ಲಿದ್ರು. ನಮ್ಮ ಕಡೂರಿನ ವೇದಾ ಕೃಷ್ಣಮೂರ್ತಿ 2017ರಲ್ಲಿ ಲಾರ್ಡ್ಸಲ್ಲಿ ವಿಶ್ವಕಪ್ ಫೈನಲ್ ಆಡಿದ್ರು. ಆದ್ರೆ ನಿಮ್ಮ ಮಗಳೂ ಹಾಗೇ ಆಗ್ತಾಳೆ ಅಂತ ಆಸೆ ಹುಟ್ಟಿಸಬೇಡಿ, ಅದು ಸುಳ್ಳಾಗುತ್ತೆ. ಒಂಬತ್ತನೇ ಕ್ಲಾಸಿಗೇ ಮದುವೆ ಮಾತು ಶುರುವಾಗೋ ಮನೇಲಿ, ಮಗಳಿಗೆ ಇನ್ನೊಂದು ಜಾಗ ಇದೆ ಅವಳನ್ನ ಕಾಯೋ ಗೆಳತಿಯರಿದಾರೆ ಅನ್ನೋದೇ ದೊಡ್ಡ ವಿಷಯ.

ಮುಟ್ಟಿನ ದಿನ ಆಡ್ಬೇಕೋ ಬೇಡ್ವೋ ಆ ಹುಡುಗಿ ಇಷ್ಟ, ಕಾರಣ ಕೇಳಕೂಡದು. ಮೈದಾನದ ಹತ್ರ ಒಂದು ಶೌಚಾಲಯ, ಒಂದು ಬಕೆಟ್ ನೀರು, ಪ್ಯಾಡ್ ಇರೋ ಡಬ್ಬಿ ಇರಲೇಬೇಕು. ಹತ್ತಿರದ ಮನೆಯವ್ರನ್ನ ಕೇಳಿ, ಇಲ್ಲ ಅನ್ನಲ್ಲ.

ಹಂತ 6: ಮೊದಲ ಮೂರು ತಿಂಗಳು

ವಾರಕ್ಕೆ ಮೂರು ದಿನ, ಒಂದೂಕಾಲು ಗಂಟೆ. ಮೊದಲು ಹದಿನೈದು ನಿಮಿಷ ಓಟ, ಮೈ ಸಡಿಲ ಮಾಡೋದು. ಆಮೇಲೆ ಅರ್ಧ ಗಂಟೆ ಒಂದೇ ಒಂದು ಕೌಶಲ್ಯ, ಇವತ್ತು ಕೈಯಲ್ಲಿ ಮುಟ್ಟಿ ವಾಪಸ್ ಬರೋದು ಅಂದ್ರೆ ಬರೀ ಅದೇ. ಬೀಳೋದನ್ನ ಹಿಡಿಯೋದಕ್ಕಿಂತ ಮೊದಲು ಕಲಿಸಿ, ಕೈ ಊರದೆ ಭುಜದ ಮೇಲೆ ಹೊರಳೋದು, ಒಣಹುಲ್ಲಿನ ಮೇಲೆ ಹತ್ತು ದಿನ ಬರೀ ಅದನ್ನೇ ಮಾಡಿಸಿದ್ರೂ ತಪ್ಪಿಲ್ಲ. ಆಮೇಲೆ ಆಂಕಲ್ ಹೋಲ್ಡ್, ಥೈ ಹೋಲ್ಡ್, ಅಂದ್ರೆ ರೈಡರ್‌ನ ಕಾಲಿನ ಗಂಟು, ತೊಡೆ ಹಿಡಿಯೋದು. ಕೊನೆಗೆ ಇಪ್ಪತ್ತು ನಿಮಿಷ ಆಟ, ಹತ್ತು ನಿಮಿಷ ಗುಂಡಗೆ ಕೂತು ಮಾತು.

ಒಂದು ರೈಡಿಗೆ 30 ಸೆಕೆಂಡು, ಒಂದೇ ಸಮನೆ ಕಬಡ್ಡಿ ಕಬಡ್ಡಿ ಅಂತಿರ್ಬೇಕು. ಮನೇಲಿ ಗಟ್ಟಿಯಾಗಿ ಮಾತಾಡಬೇಡ ಅಂತ ಬೈಸ್ಕೊಂಡು ಬೆಳೆದ ಹುಡುಗಿಯರಿಗೆ ಆ 30 ಸೆಕೆಂಡು ಜೋರಾಗಿ ಕೂಗೋದೇ ಕಷ್ಟ, ಮೊದಲ ವಾರ ತುಟಿ ಮಾತ್ರ ಅಲ್ಲಾಡುತ್ತೆ. ಅದಕ್ಕೆ ನಾವು ಆಟನೇ ಇಲ್ದೆ ಸಾಲಾಗಿ ನಿಲ್ಲಿಸಿ ಬೆಟ್ಟದ ಕಡೆ ಮುಖ ಮಾಡಿ ಕೂಗಿಸ್ತೀವಿ, ಯಾರ ದನಿ ಆಚೆ ದಿಣ್ಣೆಗೆ ಬಡಿದು ವಾಪಸ್ ಬರುತ್ತೆ ನೋಡೋಣ ಅಂತ. ಎರಡನೇ ತಿಂಗಳಿಗೆ ಅವರನ್ನ ಸುಮ್ಮನಿರಿಸೋದೇ ಕಷ್ಟ.

ಇನ್ನು ಚೈನ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ಬೇಕು. ಡಿಫೆನ್ಸಲ್ಲಿ ಪಕ್ಕದವರ ಕೈ ಹಿಡ್ಕೊಂಡೇ ನಿಲ್ಬೇಕು, ಕೈ ಬಿಟ್ರೆ ರೈಡರ್ ಮಧ್ಯದಲ್ಲಿ ನುಗ್ಗಿಹೋಗ್ತಾನೆ. ನಮ್ಮ ಊರುಗಳಲ್ಲಿ ಯಾರು ಯಾರ ಕೈ ಹಿಡೀತಾರೆ ಅನ್ನೋದು ಸಣ್ಣ ವಿಷಯ ಅಲ್ಲ, ನಿಮಗೂ ಗೊತ್ತು. ಮೊದಲ ವಾರ ಮಕ್ಕಳು ತಾವಾಗೇ ಕೇರಿ ನೋಡ್ಕೊಂಡು ನಿಂತಿದ್ರು, ಕಾಲೋನಿ ಹುಡುಗ್ರು ಒಂದು ಕಡೆ, ಊರ ಹುಡುಗ್ರು ಒಂದು ಕಡೆ. ನಾನು ಏನೂ ಬುದ್ಧಿ ಹೇಳೋಕೆ ಹೋಗ್ಲಿಲ್ಲ, ಚೀಟಿ ಎತ್ತಿಸಿದೆ. ಪ್ರತಿ ದಿನ ಚೀಟಿ, ಟೀಮೂ ಚೀಟೀಲಿ, ತುದಿಯಲ್ಲಿ ನಿಲ್ಲೋ ಕಾರ್ನರ್ ಯಾರು ಒಳಗೆ ನಿಲ್ಲೋ ಕವರ್ ಯಾರು ಅನ್ನೋದೂ ಚೀಟೀಲಿ. ಒಂದಿಬ್ಬರು ಬೆರಳ ತುದಿ ಮಾತ್ರ ಹಿಡ್ಕೊಂಡು ನಿಂತ್ರು, ರೈಡರ್ ಅವರ ಮಧ್ಯದಿಂದಲೇ ನುಗ್ಗಿ ಹೋದ, ಎರಡು ಸಲ ಹೋದ, ಮೂರನೇ ಸಲ ಮಣಿಕಟ್ಟು ಮಣಿಕಟ್ಟು ಬಿಗಿಯಾಗಿ ಹಿಡ್ಕೊಂಡ್ರು. ಒಬ್ಬ ಹುಡುಗನ ಅಜ್ಜ ಬೇಲಿ ಆಚೆ ನಿಂತು ನೋಡ್ತಿದ್ರು, ಆಮೇಲೆ ಮನೆಗೆ ಬಂದು ಗೊಣಗಿದ್ರು ಕೂಡ. ಆಟದ ರೀತಿ ಹಾಗಿದೆ ಅಜ್ಜ, ಕೈ ಹಿಡೀದೆ ಇದ್ರೆ ಮೊಮ್ಮಗನ ಟೀಮ್ ಸೋಲುತ್ತೆ ಅಂತ ಅಷ್ಟೇ ಹೇಳಿದೆ. ಒಬ್ಬ ಹುಡುಗನ್ನ ಮನೆಯವ್ರು ಬಿಡಿಸಿಬಿಟ್ರು, ಅವನು ವಾಪಸ್ ಬರಲೇ ಇಲ್ಲ, ಅದು ಇವತ್ತಿಗೂ ನನಗೆ ನೋವು. ನೀರಿನ ಕೊಡ, ಲೋಟ ಎಲ್ಲರಿಗೂ ಒಂದೇ ಇರಲಿ, ಮನೆಯಿಂದ ಬೇರೆ ಬಾಟಲಿ ತರೋದನ್ನ ಮೊದಲ ದಿನವೇ ನಿಲ್ಲಿಸಿ.

ಮತ್ತೆ ನಾನು ಮಾಡಿದ ಒಂದು ತಪ್ಪನ್ನ ನೀವು ಮಾಡಬೇಡಿ. ಮೊದಲ ವರ್ಷ ಚೆನ್ನಾಗಿ ಆಡೋ ಏಳು ಜನರನ್ನ ಆರಿಸಿ ಅವರಿಗೇ ಜಾಸ್ತಿ ಹೊತ್ತು ಕೊಟ್ಟೆ. ಟೂರ್ನಮೆಂಟಲ್ಲಿ ಎರಡನೇ ಬಹುಮಾನ ಬಂತು, ಊರಿಗೆ ಬಂದು ನೋಡಿದ್ರೆ ಉಳಿದ ಹದಿನಾಲ್ಕು ಮಕ್ಕಳಲ್ಲಿ ಒಂಬತ್ತು ಜನ ಬರೋದನ್ನೇ ಬಿಟ್ಟಿದ್ರು. ಅವರನ್ನ ವಾಪಸ್ ಕರೆಸೋಕೆ ಒಂದು ವರ್ಷ ಹಿಡೀತು.

ಹಂತ 7: ನೋಟ್‌ಬುಕ್ಕು, ವಿಸಿಲ್ಲು, ಡಬ್ಬಿ

ಎರಡನೇ ತಿಂಗಳಿಂದ ಹಾಜರಿ ಬರೆಯೋದು ಮಕ್ಕಳೇ, ತಿಂಗಳಿಗೆ ಒಬ್ಬರು. ಚೆನ್ನಾಗಿ ಓದೋರಿಗೇ ಕೊಡಬೇಡಿ. ಯಾರು ಬಂದ್ರು, ಯಾರು ಬರ್ಲಿಲ್ಲ, ಯಾಕೆ, ಇವತ್ತು ಏನು ಕಲ್ತ್ವಿ ಅಂತ ನಾಲ್ಕು ಸಾಲು. ಎರಡು ದಿನ ಬರದೇ ಇದ್ದೋರ ಮನೆಗೆ ಹೋಗಿ ವಿಚಾರಿಸೋದೂ ನೋಟ್‌ಬುಕ್ ಇಟ್ಕೊಂಡೋರ ಕೆಲಸ. ದೊಡ್ಡೋರು ಹೋದ್ರೆ ಹುಷಾರಿಲ್ಲ ಅನ್ನೋ ಉತ್ತರ ಸಿಗುತ್ತೆ, ಮಕ್ಕಳು ಹೋದ್ರೆ ನಿಜ ಗೊತ್ತಾಗುತ್ತೆ, ಅಪ್ಪ ಕುಡ್ಕೊಂಡು ಬಂದು ಗಲಾಟೆ ಮಾಡಿದ್ದು, ಶಾಲೆ ಬಿಡಿಸ್ತಾ ಇರೋದು ಎಲ್ಲ.

ನಾಲ್ಕನೇ ತಿಂಗಳಿಂದ ವಿಸಿಲ್. ದೊಡ್ಡ ಮಕ್ಕಳು ಚಿಕ್ಕೋರ ಮ್ಯಾಚಿಗೆ ರೆಫರಿ. ತಪ್ಪು ತೀರ್ಪು ಕೊಡ್ತಾರೆ, ಜಗಳ ಆಗುತ್ತೆ, ನೀವು ಬಾಯಿ ಹಾಕಬೇಡಿ, ಇದು ಕಷ್ಟ ಆದ್ರೂ ತಡ್ಕೊಳ್ಳಿ. ಝಾರ್ಖಂಡದ ರಾಂಚಿ ಹತ್ರ ಯುವಾ ಅನ್ನೋ ಸಂಸ್ಥೆ 2009ರಿಂದ ಹಳ್ಳಿ ಹುಡುಗಿಯರ ಫುಟ್‌ಬಾಲ್ ನಡೆಸ್ತಿದೆ, ಅಲ್ಲಿ ಆಡಿ ಬೆಳೆದ ಹುಡುಗಿಯರೇ ಚಿಕ್ಕೋರಿಗೆ ಕೋಚು, 2019ರಲ್ಲಿ ಅವರಿಗೆ ಲಾರಿಯಸ್ ಅನ್ನೋ ಅಂತರರಾಷ್ಟ್ರೀಯ ಕ್ರೀಡಾ ಪ್ರಶಸ್ತಿ ಬಂತು. ಕೀನ್ಯಾದ ನೈರೋಬಿಯ ಮತಾರೆ ಕೊಳಗೇರಿಯಲ್ಲಿ 1987ರಲ್ಲಿ ಶುರುವಾದ ಮಕ್ಕಳ ಫುಟ್‌ಬಾಲ್ ಲೀಗಲ್ಲಿ ಇನ್ನೊಂದು ಪದ್ಧತಿ ಇದೆ, ಬಡಾವಣೆ ಕ್ಲೀನ್ ಮಾಡಿದ ಟೀಮಿಗೆ ಲೀಗ್ ಟೇಬಲಲ್ಲೇ ಪಾಯಿಂಟ್ ಸೇರುತ್ತೆ. ನಾವು ಅದನ್ನ ನಮಗೆ ತಕ್ಕ ಹಾಗೆ ಮಾಡ್ಕೊಂಡ್ವಿ, ಊರೊಳಗಿನ ಲೀಗಲ್ಲಿ ಎಲ್ಲರನ್ನೂ ಆಡಿಸಿದ ಟೀಮಿಗೆ ಒಂದು ಪಾಯಿಂಟು, ಬಿಟ್ಟುಹೋದ ಒಬ್ಬರನ್ನ ವಾಪಸ್ ಕರ್ಕೊಂಡು ಬಂದ್ರೆ ಎರಡು ಪಾಯಿಂಟು.

ದುಡ್ಡು. ಶುರುವಿಗೆ ಹಗ್ಗ, ವಿಸಿಲ್, ನೋಟ್‌ಬುಕ್, ರಂಗೋಲಿ ಪುಡಿ, ಫಸ್ಟ್ ಏಡ್ ಡಬ್ಬಿ ಎಲ್ಲ ಸೇರಿ 2000 ರೂಪಾಯಿ ಒಳಗೇ ಆಗುತ್ತೆ. ಯಾರು ಎಷ್ಟು ಕೊಟ್ರು ಯಾವುದಕ್ಕೆ ಖರ್ಚಾಯ್ತು ಅನ್ನೋದನ್ನ ಮಕ್ಕಳೇ ಬರೆದು ಅಂಗಡಿ ಗೋಡೆಗೆ ಅಂಟಿಸಲಿ. ದೊಡ್ಡ ಮೊತ್ತ ಬರೋ ಹಾಗಿದ್ರೆ ಮಾತ್ರ ಯುವಕ ಯುವತಿ ಮಂಡಳಿ ಅಂತ 1960ರ ಸಂಘಗಳ ನೋಂದಣಿ ಕಾಯ್ದೆ ಕೆಳಗೆ ರಿಜಿಸ್ಟರ್ ಮಾಡಿಸಿ, ಕನಿಷ್ಠ ಏಳು ಜನ ಬೇಕು, ಆಮೇಲೆ ಬ್ಯಾಂಕ್ ಖಾತೆ. ಸ್ಪಾನ್ಸರ್ ಬಂದ್ರೆ ಏನು ಕೊಡ್ತಾರೆ ಏನು ಕೇಳ್ತಾರೆ ಎರಡನ್ನೂ ಬರೆಸ್ಕೊಳ್ಳಿ. ನಮಗೆ ಒಬ್ರು ಶೂ ಕೊಡಿಸ್ತೀನಿ ಅಂತ ಹೇಳಿ, ತಮ್ಮ ಫೋಟೋ ಹಾಕಿದ ಜೆರ್ಸಿ ಕೊಟ್ಟು, ಮಕ್ಕಳನ್ನ ಸಭೆಗೆ ಕೂರಿಸೋಕೆ ಕಳಿಸಿ ಅಂದ್ರು. ಮಕ್ಕಳೇ ಸೇರಿ ಜೆರ್ಸಿ ವಾಪಸ್ ಕೊಟ್ಟು ಬಂದ್ರು.

ಹಂತ 8: ಏಟು, ಅಪಾಯ, ಮಕ್ಕಳ ರಕ್ಷಣೆ

ಕಾಲು ಉಳುಕಿದ್ರೆ ತಕ್ಷಣ ಎಣ್ಣೆ ಹಚ್ಚಿ ತಿಕ್ಕಿಸೋಕೆ ಕರ್ಕೊಂಡು ಹೋಗ್ಬೇಡಿ, ನಮ್ಮ ಒಬ್ಬ ಹುಡುಗನಿಗೆ ಹಾಗೆ ಮಾಡಿಸಿ ಆಮೇಲೆ ನೋಡಿದ್ರೆ ಮೂಳೆ ಬಿರುಕು ಬಿಟ್ಟಿತ್ತು. ಮೊದಲ ಎರಡು ದಿನ ತಿಕ್ಕೋದೂ ಬೇಡ ಬಿಸಿ ಶಾಖವೂ ಬೇಡ, ಬಟ್ಟೇಲಿ ಸುತ್ತಿದ ಐಸ್ ಹದಿನೈದು ಇಪ್ಪತ್ತು ನಿಮಿಷ, ಕಾಲು ಮೇಲೆತ್ತಿ ಇಡೋದು. ಆ ಕಾಲೂರಿ ನಾಲ್ಕು ಹೆಜ್ಜೆ ನಡೆಯೋಕಾಗ್ಲಿಲ್ಲ ಅಂದ್ರೆ ಎಕ್ಸ್‌ರೇಗೆ ಹೋಗಿ. ತಲೆಗೆ ಏಟಾದ್ರೆ ಅವತ್ತು ಮತ್ತೆ ಆಡಿಸೋದೇ ಇಲ್ಲ, ವಾಂತಿ, ಮಂಕು, ಜಾಸ್ತಿ ತಲೆನೋವು ಕಂಡ್ರೆ ಸೀದಾ ಆಸ್ಪತ್ರೆ. ಹಾವು ಕಚ್ಚಿದ್ರೆ ಕಟ್ಟೋದು ಕೊಯ್ಯೋದು ಬೇಡ, ಓಡಿಸದೆ ಎತ್ಕೊಂಡು ತಾಲ್ಲೂಕು ಆಸ್ಪತ್ರೆಗೆ. 108ಕ್ಕೆ ಫೋನ್ ಮಾಡೋಕೆ ಎಲ್ಲಿ ನೆಟ್‌ವರ್ಕ್ ಸಿಗುತ್ತೆ ಅನ್ನೋದನ್ನ ಮೊದಲೇ ನೋಡಿಟ್ಕೊಂಡು ಎಲ್ಲ ಮಕ್ಕಳಿಗೂ ತೋರಿಸಿ, ನಮ್ಮಲ್ಲಿ ಅದು ನೀರಿನ ಟ್ಯಾಂಕ್ ಪಕ್ಕದ ಬಂಡೆ. ಆಂಬುಲೆನ್ಸ್ ಬರೋದು ತಡ ಆಗ್ಬಹುದು, ಹಾಗಾಗಿ ಜೀಪಿರೋ ಇಬ್ಬರ ನಂಬರ್ ನೋಟ್‌ಬುಕ್ಕಿನ ಮೊದಲ ಪುಟದಲ್ಲಿರಲಿ.

ಇನ್ನೊಂದು ವಿಷಯ, ಮುಚ್ಚುಮರೆ ಇಲ್ಲದೆ ಹೇಳ್ತೀನಿ. ಯಾವ ಕೋಚೂ ಒಂದು ಮಗು ಜೊತೆ ಒಬ್ಬರೇ ಇರಬಾರದು, ನಾನೂ ಸೇರಿ. ಯಾವಾಗ್ಲೂ ಇಬ್ಬರು ದೊಡ್ಡೋರು, ಹುಡುಗಿಯರಿದ್ರೆ ಅದರಲ್ಲಿ ಒಬ್ಬರು ಹೆಂಗಸು. ಮಕ್ಕಳಿಗೆ ಪರ್ಸನಲ್ ಮೆಸೇಜ್ ಇಲ್ಲ, ಏನಿದ್ರೂ ಅಪ್ಪ ಅಮ್ಮ ಇರೋ ಗ್ರೂಪಲ್ಲಿ. ಹಿಡಿತ ಕಲಿಸುವಾಗ ಮಕ್ಕಳ ಮೇಲೆ ಮಕ್ಕಳೇ ಮಾಡಿ ತೋರಿಸಲಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯೋ 2012ರ ಪೋಕ್ಸೋ ಕಾಯ್ದೆ 18 ವರ್ಷದೊಳಗಿನ ಗಂಡು ಹೆಣ್ಣು ಎಲ್ಲ ಮಕ್ಕಳಿಗೂ ಅನ್ವಯಿಸುತ್ತೆ, ವಿಷಯ ಗೊತ್ತಾದ ಮೇಲೆ ಮುಚ್ಚಿಡೋದೂ ಅಪರಾಧ, ಊರ ಪಂಚಾಯ್ತಿಯಲ್ಲಿ ರಾಜಿ ಮಾಡೋ ಹಾಗಿಲ್ಲ. ಮಕ್ಕಳ ಸಹಾಯವಾಣಿ 1098 ಅನ್ನೋದನ್ನ ಪ್ರತಿ ಮಗುಗೂ ಬಾಯಿಪಾಠ ಮಾಡಿಸಿ.

ತಿನ್ನೋದಕ್ಕೆ ಬೇಯಿಸಿದ ಕಡಲೆಕಾಳು, ಕಡಲೆಕಾಯಿ, ಬಾಳೆಹಣ್ಣು, ರಾಗಿ ಗಂಜಿ ಸಾಕು, ಪ್ರೋಟೀನ್ ಪೌಡರ್ ಯಾರೂ ಕೇಳಲ್ಲ. ಹುಡುಗಿಯರು ಬೇಗ ಸುಸ್ತಾಗ್ತಾ ಇದ್ರೆ ರಕ್ತ ಪರೀಕ್ಷೆ ಮಾಡಿಸಿ.

ಹಂತ 9: ಹೊರಗಿನ ಟೂರ್ನಮೆಂಟು

ಒಂದು ವರ್ಷ ತುಂಬೋ ತನಕ ಆತುರ ಬೇಡ. ಶಾಲೆ ಮಕ್ಕಳಿಗೆ ಹೋಬಳಿ ಮಟ್ಟದ ಕ್ರೀಡಾಕೂಟ ಇದ್ದೇ ಇರುತ್ತೆ, ಪಿಟಿ ಮೇಷ್ಟ್ರ ಜೊತೆ ಮಾತಾಡಿ. ಶಾಲೆ ಬಿಟ್ಟೋರಿಗೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ದಸರಾ ಕ್ರೀಡಾಕೂಟ, ತಾಲ್ಲೂಕಿಂದ ಶುರುವಾಗಿ ಜಿಲ್ಲೆ, ವಿಭಾಗ, ಮೈಸೂರಿನ ರಾಜ್ಯ ಮಟ್ಟ ತನಕ ಹೋಗುತ್ತೆ. ಇಲಾಖೆಯ ಕ್ರೀಡಾ ಹಾಸ್ಟೆಲಿಗೆ ಆಯ್ಕೆ ಯಾವಾಗ ಅಂತ ಜಿಲ್ಲಾ ಆಫೀಸಲ್ಲೇ ಕೇಳಿ ಬನ್ನಿ, ಆ ಸುದ್ದಿ ನಮ್ಮ ಊರಿಗೆ ತಾನಾಗೇ ಬರಲ್ಲ. ಸರ್ಟಿಫಿಕೇಟೆಲ್ಲ ಜೋಪಾನ, ಪೊಲೀಸು, ರೈಲ್ವೆ ಸ್ಪೋರ್ಟ್ಸ್ ಕೋಟಾಗೆ ಮುಂದೆ ಬೇಕಾಗ್ಬಹುದು. ಆಧಾರಲ್ಲೂ ಶಾಲೆ ದಾಖಲೇಲೂ ಹೆಸರಿನ ಸ್ಪೆಲ್ಲಿಂಗ್, ಹುಟ್ಟಿದ ತಾರೀಕು ಒಂದೇ ಇದೆಯಾ ಅಂತ ಆರು ತಿಂಗಳು ಮುಂಚೆ ನೋಡಿ, ಲೈನ್ ಮನೆ ಮಕ್ಕಳಿಗೆ ಇದೇ ದೊಡ್ಡ ಅಡ್ಡಿ.

ಹೊನಲು ಬೆಳಕಿನ ಪಂದ್ಯಾವಳಿಗೆ ಚಿಕ್ಕ ಮಕ್ಕಳನ್ನ ಕರ್ಕೊಂಡು ಹೋಗಲ್ಲ ಅಂತ ನಾವು ತೀರ್ಮಾನ ಮಾಡಿದೀವಿ. ರಾತ್ರಿ ಎರಡು ಗಂಟೆಗೆ ಮ್ಯಾಚು, ಸುತ್ತ ಕುಡಿತ, ಬೆಟ್ಟಿಂಗು, ವಾಪಸ್ ಬರೋಕೆ ಗಾಡಿ ಇಲ್ಲ. ವಯಸ್ಸು ಕಮ್ಮಿ ತೋರಿಸಿ ಆಡಿಸೋಣ ಅಂತ ಯಾರಾದ್ರೂ ಹೇಳಿದ್ರೆ ಒಪ್ಪಬೇಡಿ, ಗೆಲ್ಲೋಕೆ ಸುಳ್ಳು ಹೇಳ್ಬಹುದು ಅಂತ ನೀವೇ ಮಕ್ಕಳಿಗೆ ಕಲಿಸಿದ ಹಾಗಾಗುತ್ತೆ.

ಹಂತ 10: ಕೈ ಬಿಡೋದು

ಎರಡನೇ ವರ್ಷದ ಕೊನೇಲಿ ಹಿರಿಯ ಮಕ್ಕಳಲ್ಲಿ ಒಬ್ಬ ಹುಡುಗ ಒಬ್ಬ ಹುಡುಗಿಗೆ ವಾರದಲ್ಲಿ ಒಂದು ದಿನ ಪೂರ್ತಿ ಬಿಟ್ಟುಕೊಡಿ. ದೊಡ್ಡೋರಿಬ್ಬರು ಬೇಲಿ ಹತ್ರ ಕೂತಿರಲಿ, ಮೈದಾನದೊಳಗೆ ಬರೋದು ಬೇಡ. ಮೊದಮೊದಲು ಅವರು ನಿಮ್ಮ ಹಾಗೇ ಬೈಯ್ಯೋಕೆ ಶುರು ಮಾಡ್ತಾರೆ, ಅವರ ಬಾಯಲ್ಲಿ ನಿಮ್ಮ ಮಾತು ಕೇಳಿದಾಗ ನೀವು ಹೇಗೆ ಮಾತಾಡ್ತಿದ್ರಿ ಅಂತ ನಿಮಗೇ ಗೊತ್ತಾಗುತ್ತೆ, ಅಲ್ಲಿಂದ ಇಬ್ಬರೂ ತಿದ್ಕೊಳ್ಳಿ.

ಹೋದ ಜುಲೈಯಲ್ಲಿ ಅಮ್ಮನಿಗೆ ಹುಷಾರಿಲ್ಲ ಅಂತ ನಾನು ಹದಿನೆಂಟು ದಿನ ಹಾಸನದಲ್ಲೇ ಇದ್ದೆ, ಊರಲ್ಲಿ ಕರೆಂಟೂ ಇರ್ಲಿಲ್ಲ ನೆಟ್‌ವರ್ಕೂ ಇರ್ಲಿಲ್ಲ. ವಾಪಸ್ ಬಂದ ದಿನ ಅಂಗಡೀಲಿ ನೋಟ್‌ಬುಕ್ ಇಸ್ಕೊಂಡು ನೋಡಿದೆ, ಎಂಟು ಪುಟ ತುಂಬಿತ್ತು, ಮಳೆ ನೀರು ಬಿದ್ದು ಇಂಕು ಹರಡಿತ್ತು. ಅದರಲ್ಲಿ ಒಂದು ಪುಟ ಹೀಗಿತ್ತು (ಇಂಬಳ ಅಂದ್ರೆ ಜಿಗಣೆ): "ಮಂಗಳವಾರ. ಜೋರು ಮಳೆ. ಕಣ ತೊಳೆದು ಸ್ಕಿಪ್ಪಿಂಗ್. 14 ಜನ. ಇಂಬಳ ಜಾಸ್ತಿ, ಉಪ್ಪು ತರಬೇಕು. ಮೇಲಿನ ಲೈನಿನವರು ಇಬ್ಬರು ಬಂದಿಲ್ಲ, ನಾಳೆ ಹೋಗಿ ಕೇಳುವುದು. ವಿಸಿಲ್ ನಮ್ಮ ಮನೇಲಿದೆ."